ದೋಷ ಕಂಡುಬಂದಿಲ್ಲ

ಜನವರಿ 11

ಅಪ್ಪಾ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕಾಗದ ಕಂಡು ಎದೆ ಹಿಡಿದುಕೊಳ್ಳಬೇಡಿ, ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡೋಣವೆಂದರೆ ನೀವು ಎತ್ತಿ, "ಹೂಂ, ಹೂಂ, ಸರಿ, ಇಡ್ತೀನಿ" ಎಂದು ಇಟ್ಟೇಬಿಡುತ್ತೀರಿ. ಅಮ್ಮ ಇದ್ದಾಗ ಫೋನು ಹಿಡಿದು ನನ್ನದನ್ನು ನಿಮಗೆ, ನಿಮ್ಮದನ್ನು ನನಗೆ ಹೇಳುತ್ತಿದ್ದಳು. ಅವಳು ಹೋದ ಮೇಲೆ ನಮ್ಮಿಬ್ಬರಿಗೂ ಮಾತೇ ಬರದ ಹಾಗಾಗಿದೆ.

ವಿಷಯ ಇಷ್ಟು. ನಮ್ಮ ಕಂಪನಿ ಈ ದೇಶಕ್ಕೆ ಬಂದು ಬರುವ ವರ್ಷಕ್ಕೆ ಐವತ್ತು ತುಂಬುತ್ತದೆ. ಇಲ್ಲಿಯ ಇತಿಹಾಸವನ್ನು ಪುಸ್ತಕ ಮಾಡಿ ಕಳಿಸಿ ಎಂದು ಜಪಾನಿನ ಮುಖ್ಯ ಕಚೇರಿಯಿಂದ ಅಪ್ಪಣೆ ಬಂದಿದೆ. ದಾಖಲೆ ವಿಭಾಗದಲ್ಲಿ ಧೂಳು ಒರೆಸಿಕೊಂಡು ಕೂತಿರುವವಳು ನಾನೇ ಆದ್ದರಿಂದ ಕೆಲಸ ನನ್ನ ತಲೆಗೆ ಬಂತು. ನಮ್ಮ ಮ್ಯಾನೇಜರ್ ಸಾಹೇಬರು ಕರೆದು, "ನಿಮ್ಮಪ್ಪ ಮೊದಲ್ನೇ ಬ್ಯಾಚಿನ ಮೆಕ್ಯಾನಿಕ್ ಅಲ್ವೇನ್ರೀ? ಇನ್ನೇನು, ಮನೇಲೇ ಇದೆ ಇತಿಹಾಸ" ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ನಿಮಗೆ ನೆನಪಿರುವುದನ್ನು ಬರೆದು ಕಳಿಸುತ್ತೀರಾ? ಕಂಪನಿಯ ಹೊಗಳಿಕೆ ನನ್ನ ಹತ್ತಿರ ಬೇಕಾದಷ್ಟಿದೆ. ನನಗೆ ಬೇಕಾದದ್ದು ನೀವು ಕಂಡದ್ದು.

ನಿಮ್ಮ ಮಗಳು


ಜನವರಿ 20

ನಟ್ಟೂ,

ಮೂವತ್ತೊಂಬತ್ತು ವರ್ಷದವಳನ್ನು ಹಾಗೆ ಕರೆಯಬೇಡಿ ಎಂದು ಮೂಗು ಮುರಿಯುತ್ತೀಯ, ಗೊತ್ತು. ನಾಲ್ಕು ವರ್ಷದವಳಿದ್ದಾಗ ನನ್ನ ಅಂಗಿ ಜೇಬಿನ ನಟ್ಟುಗಳನ್ನೆಲ್ಲ ಕದ್ದು ದಿಂಬಿನ ಕೆಳಗೆ ಬಚ್ಚಿಟ್ಟವಳಿಗೆ ಬೇರೆ ಹೆಸರು ಎಲ್ಲಿಂದ ತರಲಿ? ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ಕನ್ನಡಕ ಒರೆಸಿಕೊಂಡು ಓದಿದೆ. ಇತಿಹಾಸ ತಾನೆ? ಕೂತುಕೋ, ಹೇಳುತ್ತೇನೆ.

ಕಂಪನಿ ಕಟ್ಟಿದ ಯಜಮಾನರು ಮೂಲದಲ್ಲಿ ಕಾರಿನವರೇ ಅಲ್ಲ, ಬಾವಿಯ ನೀರೆತ್ತುವ ಪಂಪು ಮಾಡುತ್ತಿದ್ದವರು. ಯುದ್ಧ ಮುಗಿದು ಎಲ್ಲ ಸುಟ್ಟು ಬೂದಿಯಾದಾಗ ಉಳಿದ ಪಂಪಿನ ಇಂಜಿನ್ನನ್ನು ಮೂರು ಗಾಲಿಯ ಮೇಲೆ ಕೂರಿಸಿ ಸಾಮಾನು ಗಾಡಿ ಮಾಡಿದರು. ಅದು ಓಡಿತು. ಆಮೇಲೆ ಕಾರು. ಆ ಕಾರು ಮೊದಲ ಸಲ ಸಮುದ್ರ ದಾಟಿ ಹೊರದೇಶಕ್ಕೆ ಹೋದಾಗ ಮಾನ ಮೂರು ಕಾಸಿಗೆ ಹೋಯಿತಂತೆ. ದಿಬ್ಬ ಕಂಡರೆ ಸಾಕು, ಇಂಜಿನ್ನು ಕುದಿಯುತ್ತಿತ್ತು. ಮಾಲೀಕರು ಬೈದು ಬರೆದ ಕಾಗದಗಳು ಮೂಟೆಗಟ್ಟಲೆ ವಾಪಸು ಬಂದವು. ಯಜಮಾನರು ಅವನ್ನು ಒಲೆಗೆ ಹಾಕಲಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಕಾರ್ಖಾನೆಯವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ತಾವೇ ಒಂದೊಂದಾಗಿ ಓದುತ್ತಿದ್ದರಂತೆ, ಬೈಗುಳ ಒಂದೂ ಬಿಡದೆ. ಎರಡೇ ವರ್ಷದಲ್ಲಿ ಆ ಗಾಡಿ ಕೆಡುವುದನ್ನೇ ಮರೆತುಬಿಟ್ಟಿತು.

ಇದನ್ನೆಲ್ಲ ಹೇಳಿದವರು ನಮ್ಮ ಕಡ್ಡಿ ಮೇಷ್ಟ್ರು. ನಮಗೆ ಆರು ಜನಕ್ಕೆ ಕೆಲಸ ಕಲಿಸಲು ಜಪಾನಿನಿಂದ ಬಂದವರು, ನನ್ನ ಎದೆಯುದ್ದ ಇದ್ದರು. ಕೈಯಲ್ಲಿ ಸದಾ ಒಂದು ಬಿದಿರು ಕಡ್ಡಿ. ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ. ನಮ್ಮ ಭಾಷೆಯಲ್ಲಿ ಅವರು ಕಲಿತದ್ದು ಒಂದೇ ಮಾತು: "ಮೊದ್ಲು ಕೇಳು, ಆಮೇಲೆ ಮುಟ್ಟು." ನೂರು ಸಲ ಹೇಳಿದ್ದಾರೆ, ತಲೆ ಮೇಲೆ ಮೊಟಕಿ ಹೇಳಿದ್ದಾರೆ.

ಇನ್ನೊಂದು ಕಟ್ಟುನಿಟ್ಟು ಅವರದು. ಗಾಡಿ ಬಂದ ಕೂಡಲೇ ದೂರಿನ ಚೀಟಿ ಬರೆಯಬೇಕು, ಅದೂ ಮಾಲೀಕರ ಮಾತಿನಲ್ಲೇ. ಗಿರಾಕಿ "ಗಾಡಿ ಕೆಮ್ಮುತ್ತೆ" ಎಂದರೆ "ಕೆಮ್ಮುತ್ತೆ" ಎಂದೇ ಬರೆಯಬೇಕು. ನಾವು ಮಹಾ ಪಂಡಿತರ ಹಾಗೆ "ಕಾರ್ಬುರೇಟರ್ ದೋಷ" ಎಂದು ಬರೆದರೆ ಚೀಟಿ ಹರಿದು ಕೈಗೆ ಕೊಡುತ್ತಿದ್ದರು. ಒಬ್ಬಾಕೆ, "ನಮ್ಮೆಜಮಾನ್ರು ಕೂತಾಗ ಮಾತ್ರ ಗಾಡಿ ಬಲಕ್ಕೆ ಎಳೀತದೆ" ಎಂದಿದ್ದರು. ಅದನ್ನೂ ಹಾಗೇ ಬರೆದೆವು. ಆಕೆಯ ಗಂಡನ ಗಾತ್ರ ನೋಡಿದ ಮೇಲೆ ಕಾರಣ ಹುಡುಕುವ ತೊಂದರೆ ಬರಲಿಲ್ಲ, ಬಿಡು. ಚೀಟಿಯ ಕೆಳಗೆ ನಾವು ಕಂಡ ದೋಷ, ಮಾಡಿದ ರಿಪೇರಿ, ಸಹಿ.

ನಿನ್ನ ಪುಸ್ತಕಕ್ಕೆ ಇದನ್ನೂ ಬರೆದುಕೋ. ನನ್ನ ಕೊನೆಯ ಮೂರು ವರ್ಷ ಇಡೀ ದೇಶದಲ್ಲೇ ಅತಿ ಕಡಿಮೆ ದೋಷ ಕಂಡ ವರ್ಕ್‌ಶಾಪು ನಮ್ಮದು. ಪದಕ ಗೋಡೆಯ ಮೇಲಿದೆ. ಈಗಲೂ ಭಾನುವಾರ ಬೆಳಿಗ್ಗೆ ಮನೆ ಮುಂದೆ ಗಾಡಿ ಸಾಲು ನಿಲ್ಲುತ್ತವೆ. ಹಳೇ ಗಾಡಿ ಕೊಳ್ಳುವವರು ಮೊದಲು ಇಲ್ಲಿಗೆ ತಂದು, "ಮೇಸ್ತ್ರಿಗಳೇ, ಒಂದ್ಸಲ ಕಿವಿ ಕೊಡಿ" ಎನ್ನುತ್ತಾರೆ. ನಾನು ಸರಿ ಎಂದರೆ ಸರಿ.

ಅಳಿಯಂದಿರು ಹೇಗಿದ್ದಾರೆ? ಅವರ ಬಗ್ಗೆ ಒಂದು ಸಾಲೂ ಇಲ್ಲವಲ್ಲ. ನಾನು ಕೇಳಿದೆನೆಂದು ಹೇಳು.

ನಿನ್ನ ಅಪ್ಪ, ಹೆಡ್ ಮೇಸ್ತ್ರಿ


ಫೆಬ್ರವರಿ 17

ಅಪ್ಪಾ,

ಕಡ್ಡಿ ಮೇಷ್ಟ್ರನ್ನು ಓದಿ ನಕ್ಕೆ. ನೀವು ಬರೆದ ಚೀಟಿಗಳು ನಮ್ಮ ನೆಲಮಾಳಿಗೆಯಲ್ಲೇ ಇವೆ, ರಟ್ಟಿನ ಡಬ್ಬಿಗಳಲ್ಲಿ, ವರ್ಷವಾರು ದಾರ ಕಟ್ಟಿ. ವರ್ಕ್‌ಶಾಪು ನಡೆಸುತ್ತಿದ್ದ ಏಜೆನ್ಸಿಯವರು ಬಾಗಿಲು ಹಾಕಿದಾಗ ಎಲ್ಲ ಇಲ್ಲಿಗೆ ಬಂದಿವೆ. ಬಲಕ್ಕೆ ಎಳೆಯುವ ಗಾಡಿಯೂ ಸಿಕ್ಕಿತು.

ಮೂರು ವಾರದಿಂದ ಅವನ್ನೇ ಓದುತ್ತಿದ್ದೇನೆ. ಒಂದು ವಿಷಯ ಕೇಳಬೇಕು, ಸಿಟ್ಟಾಗಬೇಡಿ. ನಿಮ್ಮ ಕೊನೆಯ ಐದಾರು ವರ್ಷದ ಚೀಟಿಗಳಲ್ಲಿ ಗಾಡಿ ನಡುಗುತ್ತೆ, ಕುಟ್ಟುತ್ತೆ, ಎಳೆಯುತ್ತೆ ಎಂದಿದ್ದನ್ನೆಲ್ಲ ನೀವು ಹಿಡಿದಿದ್ದೀರಿ, ಒಂದೂ ತಪ್ಪಿಲ್ಲ. ಆದರೆ ಕೀಚಲು ಸದ್ದು, ಸೀಟಿಯ ಹಾಗೆ, ಸೊಳ್ಳೆಯ ಹಾಗೆ ಎಂದು ಮಾಲೀಕರು ಹೇಳಿದ ಪ್ರತಿಯೊಂದು ಚೀಟಿಯ ಕೆಳಗೂ ಒಂದೇ ಮಾತು. "ದೋಷ ಕಂಡುಬಂದಿಲ್ಲ." ನಿಮ್ಮ ಸಹಿ.

ಅವುಗಳಲ್ಲಿ ಐದು ಚೀಟಿ ಒಬ್ಬರವೇ. ಹೊಲಿಗೆ ಅಂಗಡಿಯವರು. ಹದಿಮೂರು ವರ್ಷದ ಹಿಂದಿನ ಮಾತು. ಮೊದಲನೆಯದರಲ್ಲಿ, "ಮುಂದುಗಡೆ ಸಣ್ಣಗೆ ಏನೋ ಕೂಗುತ್ತೆ." ಮೂರನೆಯದರಲ್ಲಿ, "ನನ್ನ ಮೆಷೀನಿಗೆ ಎಣ್ಣೆ ಒಣಗಿದಾಗ ಇದೇ ಥರ ಕಿರುಚುತ್ತೆ, ಒಳಗೆ ಏನೋ ಒಣಗಿದೆ." ಐದನೆಯದರಲ್ಲಿ, "ನಾನು ಸುಳ್ಳು ಹೇಳ್ತಿಲ್ಲ." ಅದರ ಹಿಂದೆ ಅಪಘಾತದ ವರದಿಯನ್ನು ಪಿನ್ನು ಚುಚ್ಚಿ ಇಟ್ಟಿದ್ದಾರೆ. ಇಂಜಿನ್ನಿನ ಬೆಲ್ಟನ್ನು ಬಿಗಿ ಹಿಡಿಯುವ ರಾಟೆಯ ಬೇರಿಂಗ್ ಒಣಗಿ ಕಚ್ಚಿಕೊಂಡಿದೆ, ಬೆಲ್ಟು ಕಿತ್ತು ಪವರ್ ಸ್ಟೇರಿಂಗಿನ ಪಂಪು ನಿಂತಿದೆ, ತಿರುವಿನಲ್ಲಿ ಸ್ಟೇರಿಂಗು ಒಮ್ಮೆಗೇ ಕಲ್ಲಾಗಿದೆ. ಗಾಡಿ ಗೋಡೆಗೆ ಹೊಡೆದಿದೆ. ಆಕೆಯ ಬಲಗೈ ಜಜ್ಜಿಹೋಗಿದೆ.

"ನಮ್ಮ ಅತ್ಯುತ್ತಮ ಮೆಕ್ಯಾನಿಕ್ ಐದು ಬಾರಿ ಪರೀಕ್ಷಿಸಿದ್ದಾರೆ, ಗಾಡಿಯಲ್ಲಿ ದೋಷವಿರಲಿಲ್ಲ, ಇದು ಚಾಲಕರ ಅಜಾಗರೂಕತೆ" ಎಂದು ಕಂಪನಿ ಉತ್ತರ ಕೊಟ್ಟಿದೆ. ಆಕೆ ಇಂದಿಗೂ ವರ್ಷಕ್ಕೊಂದು ಕಾಗದ ಬರೆಯುತ್ತಾರೆ. ಕಂಪನಿ ಇಂದಿಗೂ ಅದೇ ಉತ್ತರ ಕಳಿಸುತ್ತದೆ.

ಅವರು ನಿಮಗೆ ನೆನಪಿದ್ದಾರಾ? ಆ ಸದ್ದು ನಿಮಗೆ ಕೇಳಿಸಿತ್ತಾ?

ನಿಮ್ಮ ಮಗಳು


ಫೆಬ್ರವರಿ 24

ಮಗಳೇ,

ಇತಿಹಾಸ ಬರೆಯಲು ಕೂತವಳು ಅಪ್ಪನ ಮೇಲೆ ತನಿಖೆಗೆ ಕೂತೆಯಾ? ಚೆನ್ನಾಯಿತು. ಮೂವತ್ತೆಂಟು ವರ್ಷ ಮೈಗೆ ಗ್ರೀಸು ಬಳಿದುಕೊಂಡವನಿಗೆ ನೆಲಮಾಳಿಗೆಯಲ್ಲಿ ಕೂತು ಚೀಟಿ ಎಣಿಸುವವಳು ಪಾಠ ಹೇಳುತ್ತಾಳೆ.

ಗಿರಾಕಿಗಳಿಗೆ ನೂರೆಂಟು ಭ್ರಮೆ. ಹೊಸ ಗಾಡಿ ಕೊಂಡವರಿಗೆ ಸೊಳ್ಳೆ ಹಾರಿದರೂ ಇಂಜಿನ್ನಿನದೇ ಸದ್ದು. ಸೂಜಿ ಹಿಡಿಯುವವರಿಗೆ ಬೇರಿಂಗಿನ ಗೊಡವೆ ಯಾಕೆ? ಐದು ಸಲ ನೋಡಿದ್ದೇನೆ, ಐದು ಸಲವೂ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದ್ದೇನೆ. ಗಾಡಿಯಲ್ಲಿ ಏನೂ ಇರಲಿಲ್ಲ. ಇದ್ದಿದ್ದರೆ ನನಗೆ ಕೇಳಿಸುತ್ತಿತ್ತು.

ಇನ್ನು ಈ ವಿಷಯ ಎತ್ತುವುದಾದರೆ ಕಾಗದ ಬೇಡ.

ಅಪ್ಪ


ಏಪ್ರಿಲ್ 2

ಅಪ್ಪಾ,

ಬೇಡವೆಂದರೂ ಬರೆಯುತ್ತಿದ್ದೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಿದ್ದಳು ಅಮ್ಮ. ಕೇಳಿಸಿತ್ತಾ ಎಂದು ಕೇಳಿದ್ದಕ್ಕೆ ನಿಮಗೆ ಅಷ್ಟು ಉರಿ ಯಾಕೆ ಹತ್ತಿತು?

ನೀವು ಅಳಿಯಂದಿರನ್ನು ಕೇಳಿದ್ದೀರಿ. ಅವರು ನನ್ನನ್ನು ಬಿಟ್ಟು ಹೋಗಿ ಎರಡು ವರ್ಷವಾಯಿತು ಅಪ್ಪಾ. ಹೋದ ದಿನವೇ ನಿಮಗೆ ಫೋನ್ ಮಾಡಿದ್ದೆ. ಮೊದಲು ಮಾಡಿದ್ದು ನಿಮಗೇ. "ಅಪ್ಪಾ, ಅವರು ಹೊರಟುಹೋದ್ರು, ಇನ್ನು ಬರಲ್ವಂತೆ" ಎಂದೆ. ನೀವು, "ಸಂತೋಷ ಕಣಮ್ಮಾ, ತುಂಬ ಸಂತೋಷ" ಎಂದಿರಿ. ಇನ್ನೊಂದು ಸಲ ಹೇಳಿದೆ. "ಆಗ್ಲಿ ಆಗ್ಲಿ, ಒಳ್ಳೇದಾಗ್ಲಿ" ಎಂದು ಇಟ್ಟಿರಿ. ಅಪ್ಪನಿಗೆ ಅವರು ಮೊದಲಿನಿಂದಲೂ ಹಿಡಿಸಿರಲಿಲ್ಲ, ಅದಕ್ಕೇ ಹೀಗಂದರು ಎಂದುಕೊಂಡೆ. ಆ ಮಾತು ಎದೆಗೆ ಚುಚ್ಚಿಕೊಂಡು ಎರಡು ವರ್ಷ ನಿಮ್ಮ ಹೊಸಿಲು ತುಳಿಯಲಿಲ್ಲ.

ಜನವರಿಯ ನಿಮ್ಮ ಕಾಗದದ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ನಿಮಗೆ ಗೊತ್ತೇ ಇಲ್ಲ. ನಾನು ಹೇಳಿದ್ದು ಒಂದಕ್ಷರವೂ ನಿಮ್ಮ ಕಿವಿಗೆ ಬಿದ್ದಿಲ್ಲ.

ನೇರವಾಗಿ ಕೇಳುತ್ತೇನೆ. ಕಿವಿ ಹೋಗಿ ಎಷ್ಟು ವರ್ಷವಾಯಿತು? ಆಕೆಯ ಗಾಡಿಯಲ್ಲಿ ಕೂತಾಗ ಹೋಗಿತ್ತಾ? ಭಾನುವಾರ ನಿಮ್ಮ ಮನೆ ಮುಂದೆ ಸಾಲು ನಿಲ್ಲುವವರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆ ಗಾಡಿ ಓಡಿಸುತ್ತಾರೆ, ಅದು ನೆನಪಿರಲಿ. ಐದು ಚೀಟಿಗಳ ನಕಲು ಇದರ ಜೊತೆಗಿದೆ. ನಿಮ್ಮ ಮೇಷ್ಟ್ರು ಹೇಳಿಕೊಟ್ಟ ಹಾಗೆ ಆಕೆಯ ಮಾತಿನಲ್ಲೇ ಬರೆದಿದ್ದೀರಿ. ಕೆಳಗಿನ ಒಂದು ಸಾಲು ಮಾತ್ರ ನಿಮ್ಮದು.

ಮಗಳು


ಮೇ 30

ನಟ್ಟೂ,

ಎರಡು ತಿಂಗಳು ಬರೆಯಲಿಲ್ಲ. ಬರೆದು ಹರಿದು, ಬರೆದು ಹರಿದು, ಮೇಜಿನ ಕೆಳಗಿನ ಬುಟ್ಟಿ ತುಂಬಿತು.

ಮೊದಲು ನಿನ್ನ ಫೋನಿನ ವಿಷಯ. ಆವತ್ತು ನಿನ್ನ ಉಸಿರು ಏರಿ ಇಳಿಯುವುದು ಮಾತ್ರ ತಿಳಿಯಿತು. ನೀನು ನಗುತ್ತಿದ್ದೀಯ ಎಂದುಕೊಂಡೆ. ಮಗಳಿಗೆ ಏನೋ ಶುಭ ಆಗಿದೆ, ನಗು ತಡೆಯಲಾರದೆ ಹೇಳುತ್ತಿದ್ದಾಳೆ ಎಂದು ಸಂತೋಷ ಸಂತೋಷ ಎಂದೆ. ಇಟ್ಟ ಮೇಲೆ ಮಗುವೇ ಏನೋ ಎಂದು ಲೆಕ್ಕ ಹಾಕಿದೆ. ಯಾರನ್ನು ಕೇಳಲಿ, ನಿನ್ನಮ್ಮ ಇರಲಿಲ್ಲ. ನೀನು ಅಳುತ್ತಿದ್ದೆಯಲ್ಲವೇ ನನ್ನ ಕಂದಾ. ನನ್ನ ಬಾಯಿಗೆ ಹುಳ ಬೀಳಲಿ.

ಈಗ ಇನ್ನೊಂದು. ಶುರುವಾದದ್ದು ನಾನು ಐವತ್ತು ದಾಟಿದ ಮೇಲೆ. ಒಂದು ಬೆಳಿಗ್ಗೆ ನಿನ್ನ ಅಮ್ಮನನ್ನು, ಈ ಗುಬ್ಬಿಗಳೆಲ್ಲ ಎಲ್ಲಿ ಹೋದವು ಎಂದು ಕೇಳಿದೆ. "ತಲೆ ಮೇಲೇ ಕೂತು ಕಿರುಚ್ತಿವೆ, ಕಿವೀಲಿ ಹತ್ತಿ ಇಟ್ಕೊಂಡಿದ್ದೀರಾ?" ಎಂದಳು. ಮಾರನೆಯ ದಿನ ಅವಳಿಗೆ ಅರ್ಥವಾಯಿತು. ನನಗೂ ಆಯಿತು. ಸುತ್ತಿಗೆ ಏಟು, ನಟ್ಟು ಬಿಚ್ಚುವ ಗಾಳಿಯ ಪಿಸ್ತೂಲು, ತಗಡು ಚಾವಣಿಯ ಕೆಳಗೆ ದಿನವಿಡೀ ಇಂಜಿನ್ನು. ಮೊದಲು ಸಣ್ಣ ಸದ್ದು ಹೋಯಿತು. ದಪ್ಪ ಸದ್ದು ಆಗ ಇನ್ನೂ ಇತ್ತು. ಅದೂ ತಗ್ಗಿದಾಗ ಅಂಗೈಯನ್ನು ಇಂಜಿನ್ನಿನ ಮೇಲಿಟ್ಟು ತಿಳಿಯುವುದನ್ನು ಕಲಿತೆ. ಕುಟ್ಟುವುದು, ನಡುಗುವುದು ಎಲ್ಲ ಕೈಗೆ ಗೊತ್ತಾಗುತ್ತಿತ್ತು. ಕಡ್ಡಿಯನ್ನು ಕಿವಿಗೆ ಹಿಡಿಯುತ್ತಿದ್ದದ್ದು ನೋಡುವವರಿಗಾಗಿ.

ಹೊಲಿಗೆಯಾಕೆ ನೆನಪಿದ್ದಾರೆ. ಮರೆತರೆ ತಾನೆ. ಐದು ಸಲ ಪಕ್ಕದಲ್ಲಿ ಕೂತು, "ಈಗ ನೋಡಿ, ಈಗ! ಕೇಳಿಸ್ತಲ್ಲಾ?" ಎನ್ನುತ್ತಿದ್ದರು. ಮಾತು ಪೂರ್ತಿ ಕೇಳಿಸುತ್ತಿರಲಿಲ್ಲ, ತುಟಿ ನೋಡಿ ತಿಳಿಯುತ್ತಿದ್ದೆ. ಮಗಳೇ, ನಿನಗೆ ಎಲ್ಲವನ್ನೂ ಹೇಳುತ್ತೇನೆ. ಪ್ರತಿ ಸಲ ಆ ಸದ್ದು ಬಂದಾಗ ಆಕೆಯ ಮುಖ ಕಿವುಚಿಕೊಳ್ಳುತ್ತಿತ್ತು. ಹಲ್ಲು ಜುಂ ಅಂದವರ ಹಾಗೆ. ಗೇರು ಬದಲಿಸಿ ವೇಗ ಏರಿಸಿದಾಗೆಲ್ಲ ಅದೇ. ಸದ್ದು ಇದೆ ಎಂದು ನನಗೆ ಆ ಮುಖ ಹೇಳುತ್ತಿತ್ತು. ಸಣ್ಣ ಸದ್ದು, ವೇಗಕ್ಕೆ ತಕ್ಕ ಹಾಗೆ ಏರುವ ಸದ್ದು, ಅಂದರೆ ಒಣಗಿದ ಬೇರಿಂಗು. ಕಿವಿ ಇಲ್ಲದವನಿಗೂ ಅಷ್ಟು ಗೊತ್ತಾಗಬೇಕು. ಗೊತ್ತಾಯಿತು.

ಆದರೂ ಇಲ್ಲ ಎಂದು ಬರೆದೆ. ಇದೆ ಎಂದು ಬರೆದರೆ, ಎಲ್ಲಿ, ಯಾವ ರಾಟೆ, ತೋರಿಸಿ ಮೇಸ್ತ್ರಿಗಳೇ ಎಂದು ಉಳಿದವರು ಸುತ್ತ ನಿಲ್ಲುತ್ತಿದ್ದರು. ತೋರಿಸಲು ನನ್ನಿಂದ ಆಗುತ್ತಿರಲಿಲ್ಲ. ಅವರಲ್ಲಿ ಯಾರನ್ನಾದರೂ, ಸ್ವಲ್ಪ ಕೇಳಯ್ಯಾ ಎಂದರೆ ಅಲ್ಲಿಗೆ ನನ್ನ ಕಥೆ ಮುಗಿಯುತ್ತಿತ್ತು. ಕಿವಿಯಿಂದಲೇ ಹೆಸರು ಮಾಡಿದವನು ನಾನು. ಇನ್ನು ಎರಡು ವರ್ಷ ದೂಡಿದರೆ ಸಾಕು ಎಂದುಕೊಂಡೆ. ಅಪಘಾತವಾದ ಮೇಲೆ ಒಂದು ವಾರ ಊಟ ಸೇರಲಿಲ್ಲ. ಆಮೇಲೆ ಸೇರಿತು. ಅದೇ ನಾಚಿಕೆ.

ಭಾನುವಾರದ ಸಾಲನ್ನು ನಿನ್ನ ಕಾಗದ ಬಂದ ದಿನದಿಂದ ನಿಲ್ಲಿಸಿದ್ದೇನೆ. ಸೊಂಟ ನೋವು ಎಂದು ಹೇಳಿ ಕಳಿಸಿದೆ. ಅಲ್ಲೂ ನಿಜ ಹೇಳಲು ಬಾಯಿ ಬರಲಿಲ್ಲ.

ಅಪ್ಪ


ಜೂನ್ 8

ಅಪ್ಪಾ,

ನಿಮ್ಮ ಕಾಗದವನ್ನು ಓದಿ ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನಿಮ್ಮನ್ನು ನೋಡಬೇಕೆನಿಸುತ್ತಿರುವುದೂ ನಿಜ. ಎರಡೂ ಒಟ್ಟಿಗೇ ಇವೆ, ಏನು ಮಾಡಲಿ ಹೇಳಿ.

ನಾನೊಂದು ತಪ್ಪು ಮಾಡಿದೆ. ಆಕೆಯ ಫೈಲನ್ನು ಮತ್ತೆ ತೆರೆಯಬೇಕೆಂದು ಮ್ಯಾನೇಜರ್ ಸಾಹೇಬರ ಹತ್ತಿರ ಹೋದೆ. ಯಾಕೆ ಎಂದರು. ಪರೀಕ್ಷೆ ಮಾಡಿದವರಿಗೆ ಕಿವಿ ಕೇಳಿಸುತ್ತಿರಲಿಲ್ಲ ಎಂದೆ. ಸಿಡುಕುತ್ತಾರೆ ಎಂದುಕೊಂಡಿದ್ದರೆ ಮುಖ ಅರಳಿತು. "ಅರೆ, ಇಷ್ಟೇನಾ! ಗಾಡಿ ತಪ್ಪಲ್ಲ, ಮೇಸ್ತ್ರಿ ತಪ್ಪು ಅಂತಾಯ್ತು. ಏಜೆನ್ಸಿ ಮುಚ್ಚಿ ಹೋಗಿದೆ, ಅವರು ರಿಟೈರಾಗಿದ್ದಾರೆ. ಒಂದು ಕಾಗದ ಬರಸ್ಕೊಳ್ಳಿ, ಆಯಮ್ಮನ ಕಾಟಾನೂ ತಪ್ಪುತ್ತೆ" ಎಂದರು.

ಆದರೆ ಡಬ್ಬಿಯ ತಳದಲ್ಲಿ ನನಗೆ ಇನ್ನೊಂದು ಸಿಕ್ಕಿದೆ. ಅದೇ ವರ್ಷ ಜಪಾನಿನಿಂದ ಎಲ್ಲ ಶಾಖೆಗೂ ಬಂದ ಸುತ್ತೋಲೆ. ಆ ವರ್ಷದ ರಾಟೆಗಳಲ್ಲಿ ಗ್ರೀಸು ಕಡಿಮೆ ಬಿದ್ದಿದೆ, ಮಾಲೀಕರು ಸದ್ದಿನ ದೂರು ತಂದು ಮೆಕ್ಯಾನಿಕ್ ಅದನ್ನು ದೃಢಪಡಿಸಿದರೆ ಮಾತ್ರ ಬದಲಿಸಿ, ತಾವಾಗಿ ಯಾರಿಗೂ ತಿಳಿಸಬೇಕಿಲ್ಲ ಎಂದಿದೆ. ಬೇರೆ ವರ್ಕ್‌ಶಾಪುಗಳಲ್ಲಿ ಸದ್ದಿಲ್ಲದೆ ಬದಲಿಸಿದ್ದಾರೆ. ನಿಮ್ಮಲ್ಲಿ ಸದ್ದಿನ ದೂರುಗಳನ್ನೆಲ್ಲ ನೋಡಿದ್ದು ನೀವೇ ಆದ್ದರಿಂದ ಒಂದೂ ಬದಲಾಗಲಿಲ್ಲ. ಬೈಗುಳದ ಕಾಗದವನ್ನು ಅಂಗಳದಲ್ಲಿ ಓದಿ ಹೇಳುತ್ತಿದ್ದ ಯಜಮಾನರ ಕಂಪನಿ ಇದು! ಸುತ್ತೋಲೆಯನ್ನು ಸಾಹೇಬರಿಗೆ ತೋರಿಸಿದೆ. "ಅದನ್ನ ಅಲ್ಲೇ ಇಡಿ, ಸೋಮವಾರದೊಳಗೆ ನಿಮ್ಮಪ್ಪನ ಸಹಿ ತನ್ನಿ" ಎಂದರು. ಸಹಿ ಹಾಕಲು ಅವರೇ ಟೈಪು ಮಾಡಿಸಿದ ಕಾಗದ ಇದರೊಳಗಿದೆ. ಅದರಲ್ಲಿ ನಿಮ್ಮ ಕಿವಿ ಇದೆ, ರಾಟೆ ಇಲ್ಲ.

ಸಹಿ ಹಾಕಬೇಡಿ. ಪೂರ್ತಿ ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಾರೆ. ಹಾಕದಿದ್ದರೆ ಆಕೆಗೆ ಮತ್ತೆ ಅದೇ ಉತ್ತರ ಹೋಗುತ್ತದೆ. ನನಗೆ ದಿಕ್ಕು ತೋಚುತ್ತಿಲ್ಲ.

ಮಗಳು


ಜೂನ್ 15

ನಟ್ಟೂ,

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ. ನಿನ್ನ ಸಾಹೇಬರದು ಅದೇ ವೈದ್ಯ. ಆದರೆ ಈ ಎತ್ತಿಗೂ ಜ್ವರ ಇತ್ತಲ್ಲ, ಅದಕ್ಕೇನು ಹೇಳಲಿ.

ಅವರ ಟೈಪು ಕಾಗದ ಹಾಗೇ ವಾಪಸು ಕಳಿಸಿದ್ದೇನೆ, ಸಹಿ ಇಲ್ಲ. ನಾನೇ ಬೇರೆ ಬರೆದಿದ್ದೇನೆ. ನನಗೆ ಕೇಳಿಸುತ್ತಿರಲಿಲ್ಲ ಎಂದೂ ಬರೆದಿದ್ದೇನೆ, ಕೇಳಿಸದಿದ್ದರೂ ಸದ್ದು ಇದೆ ಎಂದು ತಿಳಿದಿತ್ತು ಎಂದೂ ಬರೆದಿದ್ದೇನೆ, ರಾಟೆ ಒಣಗಿದ್ದೇ ಬಂದಿತ್ತು ಎಂದೂ ಬರೆದಿದ್ದೇನೆ. ಇದು ಮೊದಲು ಹೋಗಬೇಕಾದದ್ದು ಸಾಹೇಬರ ಮೇಜಿಗಲ್ಲ. ಆಕೆಯ ವಿಳಾಸ ಕಳಿಸು. ಕೈಯಾರೆ ಕೊಡುತ್ತೇನೆ.

ನಿನ್ನ ಕೆಲಸಕ್ಕೆ ಕುತ್ತು ಬರುತ್ತದೆಯೇ? ಬರುವುದಾದರೆ ಮೊದಲೇ ಹೇಳು.

ಅಪ್ಪ


ಜೂನ್ 21

ಅಪ್ಪಾ,

ವಿಳಾಸ ಹಿಂದುಗಡೆ ಬರೆದಿದ್ದೇನೆ. ಸುತ್ತೋಲೆಯ ನಕಲೂ ಇದೆ, ಅದನ್ನೂ ಕೊಡಿ. ಹುಡುಕಿ ಕೊಟ್ಟವಳು ನಾನೇ ಎಂದು ಹೇಳಿ, ಮುಚ್ಚುಮರೆ ಬೇಡ.

ಕುತ್ತು ಬಂದೇ ಬರುತ್ತದೆ. ಸೋಮವಾರ ಬರಿಗೈಯಲ್ಲಿ ಹೋಗಿ ನಿಂತೆ. ಸಾಹೇಬರು ಈಗ ಎದುರು ಸಿಕ್ಕರೆ ಗೋಡೆ ನೋಡುತ್ತಾರೆ, ಪುಸ್ತಕ ಬೇರೆಯವರ ಕೈಗೆ ಹೋಯಿತು. ನನಗೆ ಭಯವಿದೆ. ಆದರೆ ಆಕೆಯ ಹದಿಮೂರು ಕಾಗದ ಓದಿದ ಮೇಲೆ ಹದಿನಾಲ್ಕನೆಯದಕ್ಕೆ ನನ್ನ ಕೈಯಿಂದಲೇ ಅದೇ ಉತ್ತರ ಕಳಿಸಲು ಆಗುವುದಿಲ್ಲ.

ನಾನೂ ಜೊತೆಗೆ ಬರಲಾ?

ಮಗಳು


ಜುಲೈ 3

ನಟ್ಟೂ,

ನಿನ್ನನ್ನು ಕರೆಯದೆ ಹೋಗಿಬಂದೆ. ನೀನಿದ್ದಿದ್ದರೆ ನೀನು ಮಾತಾಡುತ್ತಿದ್ದೆ, ನಾನು ನಿನ್ನ ಹಿಂದೆ ನಿಲ್ಲುತ್ತಿದ್ದೆ. ನಿನ್ನ ಅಮ್ಮನ ಹಿಂದೆ ನಿಂತದ್ದೇ ಸಾಕು.

ಬಸ್ ನಿಲ್ದಾಣದ ಹಿಂದಿನ ಬೀದಿ. ಅಗಲ ಕಿರಿದಾದ ಅಂಗಡಿ, ಎರಡು ಮೆಷೀನು, ಗೋಡೆ ತುಂಬ ಕಾಗದದ ಅಳತೆಗಳು. ಮೆಷೀನಿನ ಮುಂದೆ ಕೂತವಳು ಆಕೆಯ ತಂಗಿ. ಆಕೆ ನಿಂತು, ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಗೆರೆ ಹಾಕುತ್ತಿದ್ದರು. ಬಲಗೈ ಮೇಜಿನ ಮೇಲೆ ಇತ್ತು, ಬಟ್ಟೆ ಸರಿಯದಂತೆ ಅದರ ಭಾರ ಹೇರಿದ್ದರು. ಈಗ ಅದರಿಂದ ಅಷ್ಟೇ ಕೆಲಸ.

ನೋಡಿದ ಕೂಡಲೇ ಗುರುತು ಹಿಡಿದರು. "ಮೇಸ್ತ್ರಿಗಳು" ಎಂದಿತು ತುಟಿ. ಸ್ಟೂಲು ಎಳೆದು ಕೊಟ್ಟರು. ಬಂದ ಕೆಲಸ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆಯೇ ಶುರು ಮಾಡಿದರು. ಅಬ್ಬಾ, ಹದಿಮೂರು ವರ್ಷದ್ದು. ಒಂದು ಸಲ ಮೇಜಿಗೆ ಬಡಿದರು, ಒಂದು ಸಲ ಗೋಡೆಗೆ ತಿರುಗಿದರು, ಒಂದು ಸಲ ಸೆರಗಿನಿಂದ ಮೂಗು ಒರೆಸಿಕೊಂಡರು. ತುಟಿ ಅಷ್ಟು ವೇಗವಾಗಿ ಓಡಿದರೆ ನನಗೆ ಹಿಡಿಯಲಾಗದು. ಕಾಲು ಗಂಟೆ ಆಡಿದರು. ನನಗೆ ಸಿಕ್ಕಿದ್ದು "ಕೈ" ಎಂಬ ಒಂದು ಮಾತು, ಅದೂ ಅನುಮಾನ.

ಇಂಥ ಹೊತ್ತಿನಲ್ಲಿ ನನ್ನ ತಲೆ ತಾನಾಗಿ ಆಡುತ್ತದೆ. ಹೂಂ, ಹೂಂ. ಇಪ್ಪತ್ತು ವರ್ಷದ ಅಭ್ಯಾಸ. ಆಡಲು ಹೊರಟಿತು. ನಿಲ್ಲಿಸಿದೆ. ಎದ್ದು ನಿಂತು ಹೇಳಿದೆ, "ಅಮ್ಮಾ, ನಂಗೆ ಕಿವಿ ಕೇಳ್ಸಲ್ಲ. ನೀವು ಈಗ ಹೇಳಿದ್ದು ಒಂದೂ ಕೇಳ್ಸಿಲ್ಲ. ಆವತ್ತೂ ಕೇಳ್ಸಿರ್ಲಿಲ್ಲ." ನನ್ನ ಜನ್ಮದಲ್ಲಿ ಬಾಯಿ ಬಿಟ್ಟು ಯಾರಿಗಾದರೂ ಇದನ್ನು ಹೇಳಿದ್ದು ಇದೇ ಮೊದಲು. ತಂಗಿಯ ಮೆಷೀನು ನಿಂತಿತು.

ನಾನು ಬರೆದದ್ದು, ಸುತ್ತೋಲೆಯ ನಕಲು, ಎರಡನ್ನೂ ಮೇಜಿನ ಮೇಲಿಟ್ಟೆ. ಸುತ್ತೋಲೆ ಕಂಪನಿಯಲ್ಲಿರುವ ನನ್ನ ಮಗಳು ಹುಡುಕಿ ಕೊಟ್ಟದ್ದು ಎಂದೂ ಹೇಳಿದೆ. ಆಕೆ ಅವನ್ನು ಮುಟ್ಟಲಿಲ್ಲ. ಬೈಯಲಿ ಎಂದು ಕಾದೆ, ಹೊಡೆದರೂ ಹೊಡೆಸಿಕೊಳ್ಳಬೇಕೆಂದೇ ಹೋಗಿದ್ದೆ. ಆಕೆ ಅಳತೆ ಕತ್ತರಿಸುವ ಕಂದು ಕಾಗದವನ್ನು ಎಳೆದುಕೊಂಡು ಎಡಗೈಯಲ್ಲಿ ಬರೆಯತೊಡಗಿದರು. ಸೊಟ್ಟ ಅಕ್ಷರ, ನಿಧಾನ. ಓದಿದೆ. ಕಂಪನಿಯ ಉತ್ತರ ಬಂದ ಮೇಲೆ ಮನೆಯಲ್ಲಿ ಯಾರೂ ಆಕೆಯನ್ನು ನಂಬಲಿಲ್ಲವಂತೆ. ಅಷ್ಟು ದೊಡ್ಡ ಮೇಸ್ತ್ರಿಗೆ ಕೇಳದ್ದು ನಿನಗೊಬ್ಬಳಿಗೆ ಕೇಳಿತಾ ಎಂದರಂತೆ ಗಂಡ. ಆಕೆಯನ್ನೇ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಔಷಧಿ ಹಾಕಿಸಿದರಂತೆ. ವರ್ಷಗಳು ಹೋದ ಹಾಗೆ ಆಕೆಗೇ ಅನುಮಾನ ಬಂದಿದೆ. ಕಾಗದದ ಕೊನೆಯಲ್ಲಿ ಬರೆದಿದ್ದರು: "ಸದ್ದು ಇತ್ತು ತಾನೆ?"

"ಇತ್ತಮ್ಮಾ" ಎಂದೆ. "ಇತ್ತು. ನೀವು ಹೇಳಿದ ಹಾಗೇ ಒಳಗೆ ಒಣಗಿತ್ತು. ನೀವು ಹೇಳಿದ್ದೆಲ್ಲ ಸರಿ."

ಆಕೆ ನನ್ನ ತೋಳು ಹಿಡಿದರು. ಬಲವಾದ ಎಡಗೈ. ಹಿಡಿದುಕೊಂಡೇ ತಂಗಿಯ ಮುಂದೆ ನಿಲ್ಲಿಸಿ, ಹೇಳಿ ಎಂದು ಸನ್ನೆ ಮಾಡಿದರು. ಹೇಳಿದೆ. ಪಕ್ಕದ ಇಸ್ತ್ರಿ ಅಂಗಡಿಗೆ ಎಳೆದುಕೊಂಡು ಹೋದರು. ಅಲ್ಲೂ ಹೇಳಿದೆ. ಎದುರಿನ ಔಷಧಿ ಅಂಗಡಿಯವರಿಗೆ ಹೇಳಿದೆ. ನನ್ನ ದನಿ ಎಷ್ಟು ಜೋರಾಗಿತ್ತೋ ನನಗೆ ತಿಳಿಯದು, ಬೀದಿಯವರೆಲ್ಲ ತಿರುಗಿ ನೋಡುತ್ತಿದ್ದರು. ಕೊನೆಗೆ ಹಿಂದಿನ ಓಣಿಯಲ್ಲಿ ಅವರ ಮನೆ. ಗಂಡ ಅಂಗಳದಲ್ಲಿ ಕುರ್ಚಿಯ ಮುರಿದ ಕಾಲು ಸರಿಮಾಡುತ್ತ ಕೂತಿದ್ದರು. ಆಕೆ ನನ್ನನ್ನು ಅವರ ಮುಂದೆ ನಿಲ್ಲಿಸಿ ತೋಳು ಬಿಟ್ಟರು.

ಅಲ್ಲಿ ಎರಡು ಸಲ ಹೇಳಬೇಕಾಯಿತು. ಮೊದಲ ಸಲಕ್ಕೆ ಆತ ಏನು ಎನ್ನುವ ಹಾಗೆ ನನ್ನ ಕಡೆ ನೋಡಿದರು. ಎರಡನೆಯ ಸಲಕ್ಕೆ ನನ್ನ ಕಡೆ ನೋಡಲೇ ಇಲ್ಲ. ಸುತ್ತಿಗೆ ಕೆಳಗಿಟ್ಟು, ಹೆಂಡತಿಯ ಮುಖ ನೋಡುತ್ತ ಕೂತುಬಿಟ್ಟರು. ಆಕೆ ಏನೋ ಹೇಳಿದರು, ಒಂದೇ ಮಾತು. ನನಗೆ ಬೆನ್ನಾಗಿ ನಿಂತಿದ್ದರಿಂದ ಅದೇನೆಂದು ಗೊತ್ತಾಗಲಿಲ್ಲ. ಕೇಳುವುದು ನನಗೆ ಸೇರಿದ್ದೂ ಅಲ್ಲವೆಂದು ಹೊರಟುಬಂದೆ.

ಅಪ್ಪ